ದಾಕ್ಷಾಯಣಿಯ ದಣಿವು

ದಣಿವನ್ನು ಅಳೆಯುವ ಯಂತ್ರ ಬರುವುದಕ್ಕೆ ಮುಂಚೆ ದಣಿದವರ ಮಾತನ್ನು ಎಲ್ಲರೂ ನಂಬುತ್ತಿದ್ದರು ಎಂದೇನಲ್ಲ. ನಂಬದವರು ಆಗಲೂ ಇದ್ದರು. ಆದರೆ ಅವರ ಕೈಯಲ್ಲಿ ಸಾಕ್ಷಿ ಇರಲಿಲ್ಲ. ಆ ಸಾಕ್ಷಿಯನ್ನು ಒದಗಿಸಿಕೊಟ್ಟವಳು ಧಾರವಾಡದ ಡಾ. ಗಂಗಾಂಬಿಕಾ ಮುಳಗುಂದ.

ಯಂತ್ರವೆಂದರೆ ಅಂಗೈಯಲ್ಲಿ ಹಿಡಿಯುವಂಥ ಒಂದು ಪೆಟ್ಟಿಗೆ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಕಾಗದದ ಪಟ್ಟಿಗೆ ಸವರಿ ಅದರ ಬಾಯಿಗೆ ಕೊಟ್ಟರೆ, ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ದೀಪ ಹತ್ತುತ್ತಿತ್ತು. ಕೆಂಪು ಬಂದರೆ ದೇಹ ನಿಜಕ್ಕೂ ಸೋತಿದೆ; ಹಳದಿಯಾದರೆ ಅಲ್ಪಸ್ವಲ್ಪ; ಹಸಿರಾದರೆ ಏನೂ ಇಲ್ಲ. ಅದರ ಹಿಂದಿದ್ದ ವಿಜ್ಞಾನವನ್ನು ಗಂಗಾಂಬಿಕಾ ಶಾಲೆಯ ಮಕ್ಕಳಿಗೂ ತಿಳಿಯುವಂತೆ ಹೇಳುತ್ತಿದ್ದಳು. ಜ್ವರ ಬಂದಾಗ ನಮ್ಮನ್ನು ಹಾಸಿಗೆಗೆ ಕೆಡವುವುದು ಬರೀ ರೋಗಾಣುವಲ್ಲ. ನಮ್ಮವೇ ಜೀವಕೋಶಗಳು ಸೈಟೊಕೈನ್ ಎಂಬ ಸಣ್ಣ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಸುದ್ದಿ ಒಯ್ಯುವವರಿದ್ದ ಹಾಗೆ. ಮಿದುಳಿನ ಬಾಗಿಲು ತಟ್ಟಿ, 'ಒಳಗೆ ಕದನ ನಡೆದಿದೆ, ಓಡಾಡಬೇಡ, ಮಲಗು' ಎನ್ನುತ್ತವೆ. ನಾವು ಅದನ್ನೇ ದಣಿವು ಎನ್ನುತ್ತೇವೆ. ಇಂಥ ಸುದ್ದಿಗಾರರಲ್ಲಿ ಮುಖ್ಯವಾದ ಮೂವರನ್ನು ಹಿಡಿಯುವ ಪಟ್ಟಿಯೇ ಅವಳ ಆವಿಷ್ಕಾರ.

ಮೊದಮೊದಲು ಅದರಿಂದ ಒಳ್ಳೆಯದೇ ಆಯಿತು. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮುದುಕನೊಬ್ಬ ಕೆಂಪು ದೀಪ ತೋರಿಸಿ ಜೀವನದಲ್ಲಿ ಮೊದಲ ಸಲ ಸಂಬಳದ ರಜೆ ಪಡೆದ. ಪತ್ರಿಕೆಯಲ್ಲಿ ಬಂದ ಅವನ ನಗುಮುಖವನ್ನು ಗಂಗಾಂಬಿಕಾ ತನ್ನ ಪ್ರಯೋಗಾಲಯದ ಗೋಡೆಗೆ ಅಂಟಿಸಿಕೊಂಡಿದ್ದಳು. ಆಮೇಲೆ ಕಾರ್ಖಾನೆಗಳು ಪೆಟ್ಟಿಗೆಯನ್ನು ಗೇಟಿಗೇ ತಂದಿಟ್ಟವು. ರಜೆ ಬೇಕೆಂದರೆ ಬೆರಳು ಕೊಡಬೇಕು. ಹಸಿರು ಬಂದರೆ ಒಳಗೆ ನಡೆಯಬೇಕು. ಶಾಲೆಗಳಿಗೆ ಬಂತು, ಪೊಲೀಸ್ ಭರ್ತಿಗೆ ಬಂತು. ಹೆಣ್ಣು ನೋಡಲು ಹೋದ ಬೀಗರು ಫಲತಾಂಬೂಲದ ಜೊತೆ ಪೆಟ್ಟಿಗೆಯನ್ನೂ ಒಯ್ದಿದ್ದರೆಂಬ ಸುದ್ದಿ ಕೇಳಿ ಗಂಗಾಂಬಿಕಾ ನಕ್ಕಿದ್ದಳು. 'ಹಸಿರು ದಣಿವು' ಎಂಬ ಮಾತು ಹುಟ್ಟಿಕೊಂಡಿತು. ಸೋಗು ಎಂದು ಅದರ ಅರ್ಥ.

ಗಂಗಾಂಬಿಕಾಳ ಮನೆ ಹೊಸಯಲ್ಲಾಪುರದಲ್ಲಿತ್ತು. ಗಂಡ ವಿಜಯಪುರದ ಕಾಲೇಜೊಂದರಲ್ಲಿ ಮೇಷ್ಟ್ರು, ರಜೆಯಲ್ಲಷ್ಟೇ ಬರುತ್ತಿದ್ದ. ಮನೆಯಲ್ಲಿ ಅತ್ತೆ ಪಾರವ್ವ, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಮೈದುನ ಈರಣ್ಣ, ಅವನ ಹೆಂಡತಿ ದಾಕ್ಷಾಯಣಿ. ದಾಕ್ಷಾಯಣಿ ಊರ ಹೊರಗಿನ ಹೊಲಿಗೆ ಕಾರ್ಖಾನೆಯೊಂದರಲ್ಲಿ ಶಾಲಾ ಸಮವಸ್ತ್ರಗಳ ಕಾಲರು ಹೊಲಿಯುತ್ತಿದ್ದಳು. ಮದುವೆಯಾಗಿ ಬಂದಾಗ ಇಡೀ ಓಣಿಗೆ ಕೇಳುವಂತೆ ಹಾಡುತ್ತ ರೊಟ್ಟಿ ತಟ್ಟುತ್ತಿದ್ದವಳು. ಈಗ ಹಿಟ್ಟು ಕಲಸಿಟ್ಟು ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಕಾರ್ಖಾನೆಯಿಂದ ಬಂದವಳೇ ಒಳಕೋಣೆ ಸೇರಿ ಮಲಗುತ್ತಿದ್ದಳು.

"ಏನಾಗತೈತಿ ನಿನಗ?" ಎಂದು ಗಂಗಾಂಬಿಕಾ ಒಮ್ಮೆ ಕೇಳಿದ್ದಳು.

"ಹೆಂಗ ಹೇಳಬೇಕೋ ತಿಳೀವಲ್ದರಿ ಅಕ್ಕಾರ. ಎಲುಬಿನೊಳಗ ಯಾರೋ ಉಸುಕು ತುಂಬ್ಯಾರ ಅನಸ್ತೈತಿ."

ಓಣಿಯ ಡಾಕ್ಟರು ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟಿದ್ದರು. ಹೆಣ್ಣುಮಕ್ಕಳಿಗೆಲ್ಲ ಬರೆದುಕೊಡುವಂಥದ್ದೇ. ಅದರಿಂದ ಏನೂ ಆಗಲಿಲ್ಲ.

ಆ ವರ್ಷ ಪಾರವ್ವನ ತಂಗಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇದೇ ಮನೆಯಲ್ಲಿ ನಡೆಯಿತು. ಪಡಸಾಲೆ ತುಂಬ ಬಂಧುಗಳು. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಹುಬ್ಬಳ್ಳಿಯಿಂದ ಬಂದಿದ್ದ ಸೋದರತ್ತೆ, "ಗಂಗಾ, ನಿನ್ನ ಪೆಟ್ಟಿಗಿ ತೋರಸವಾ. ಟೀವ್ಯಾಗ ಬರೇ ನಿನ್ನ ಮಾರಿ ನೋಡೀವಿ" ಎಂದಳು. ಗಂಗಾಂಬಿಕಾ ಸಂಕೋಚಪಟ್ಟಂತೆ ಮಾಡಿ ತಂದಳು. ಯಾರ ಬೆರಳು ಚುಚ್ಚುವುದು ಎಂಬ ಮಾತು ಬಂತು. ಎಲ್ಲರೂ ನಗುತ್ತ ಕೈ ಹಿಂದೆ ಎಳೆದುಕೊಂಡರು.

ಪಾರವ್ವ ಒಳಕೋಣೆಯ ಕಡೆ ಕತ್ತು ತಿರುಗಿಸಿದಳು. "ನಮ್ಮನ್ಯಾಗ ಒಬ್ಬಾಕಿ ಅದಾಳಲ್ಲ, ಹೊತ್ತ ಹೊಂಟು ಹೊತ್ತ ಮುಣಗೂತನಾ ದಣದಾಕಿ. ದಾಕ್ಷಾಯಣೀ, ಬಾ ಇಲ್ಲೆ."

ದಾಕ್ಷಾಯಣಿ ಗೋಡೆ ಹಿಡಿದುಕೊಂಡು ಬಂದಳು. ಪೆಟ್ಟಿಗೆ ನೋಡಿದ ಕೂಡಲೇ ಅವಳಿಗೆ ವಿಷಯ ತಿಳಿಯಿತು.

"ಈಗ ಬ್ಯಾಡ್ರಿ ಅಕ್ಕಾರ. ಇಷ್ಟ ಮಂದಿ ಮುಂದ..."

"ಇರಿವಿ ಕಡದಂಗ ಆಗತೈತಿ ಅಷ್ಟ," ಎಂದಳು ಗಂಗಾಂಬಿಕಾ. ಬೆರಳು ಹಿಡಿದಾಗ ಅದು ತಣ್ಣಗಿತ್ತು.

ದೀಪ ಹಸಿರಾಗಿ ಹತ್ತಿತು. ಅದರ ಕೆಳಗಿನ ಪುಟ್ಟ ಪರದೆಯಲ್ಲಿ ಅಂಕಿ ಬಂತು: ಸೊನ್ನೆ.

ಗಂಗಾಂಬಿಕಾಳ ಕಣ್ಣು ಆ ಅಂಕಿಯ ಮೇಲೆ ನಿಂತಿತು. ಎಂಥ ಗಟ್ಟಿ ಆಳಿನ ರಕ್ತದಲ್ಲೂ ಆ ಸುದ್ದಿಗಾರರು ಒಂದಿಷ್ಟು ಓಡಾಡಿಕೊಂಡೇ ಇರುತ್ತಾರೆ; ಬದುಕಿದ ಮನುಷ್ಯನಲ್ಲಿ ಸೊನ್ನೆ ಬರುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ತೀರ ಕಡಿಮೆ ಅಂಕಿ ಬಂದರೆ ಅದನ್ನು ಪೂರ್ಣ ಆರೋಗ್ಯವೆಂದೇ ಎಣಿಸು ಎಂದು ಯಂತ್ರಕ್ಕೆ ಕಲಿಸಿದವಳೂ ಅವಳೇ. ಅಂಥ ಅಂಕಿಗಳು ಪಟ್ಟಿಯ ಸಣ್ಣಪುಟ್ಟ ದೋಷವೆಂದು ಆಗ ತೀರ್ಮಾನಿಸಿದ್ದಳು. ಈಗ ಒಳಗೆ ಏನೋ ಚುಚ್ಚಿತು. ಇನ್ನೊಂದು ಸಲ ನೋಡಬೇಕು, ಪ್ರಯೋಗಾಲಯಕ್ಕೆ ರಕ್ತ ಒಯ್ಯಬೇಕು ಎನಿಸಿತು. ಅಷ್ಟರಲ್ಲಿ ಯಾರೋ, "ಅಯ್ಯ, ನಮ್ಮೆಲ್ಲಾರಕಿಂತ ಗಟ್ಟಿ ಅದಾಳಲ್ಲವಾ!" ಎಂದರು. ಪಡಸಾಲೆಯೆಲ್ಲ ನಕ್ಕಿತು. ಎಲ್ಲರ ಕಣ್ಣು ಗಂಗಾಂಬಿಕಾಳ ಮೇಲಿತ್ತು.

"ಯಂತ್ರಕ್ಕ ಅತ್ತಿ ಸೊಸಿ ಗೊತ್ತಿಲ್ಲರಿ," ಎಂದಳು ಅವಳು. "ಇದ್ದದ್ದು ಇದ್ದಂಗ ಹೇಳತೈತಿ."

ಮಾತು ಎಲ್ಲರಿಗೂ ಹಿಡಿಸಿತು. ದಾಕ್ಷಾಯಣಿ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಲಗಲು ಹೋಗದೆ, ಸೀದಾ ಅಡುಗೆಮನೆಗೆ ಹೋಗಿ ಪಾತ್ರೆ ತಿಕ್ಕಲು ಕೂತಳು.

ಅವತ್ತಿನಿಂದ ಪೆಟ್ಟಿಗೆ ಮನೆಯಲ್ಲೇ ಉಳಿಯಿತು. ದೇವರ ಗೂಡಿನ ಪಕ್ಕ ಅದರ ಜಾಗ. ದಾಕ್ಷಾಯಣಿ ಮಲಗಿದರೆ ಪಾರವ್ವ ಅದನ್ನು ಹಿಡಿದುಕೊಂಡು ಒಳಕೋಣೆಗೆ ಹೋಗುವಳು. ಭುಜ ಹಿಡಿದು ಅಲುಗಿಸುವಳು. "ಏಳ, ಬೆರಳ ಕೊಡು. ಹಸರ ನೋಡ! ಇನ್ನ ಏನ ನೆವಾ ಹೇಳ್ತಿ?" ಈರಣ್ಣ ಮೊದಲೆಲ್ಲ ಹೆಂಡತಿಯ ಪರ ನಿಲ್ಲುತ್ತಿದ್ದ. ಹಸಿರು ದೀಪವನ್ನು ಕಣ್ಣಾರೆ ಕಂಡ ಮೇಲೆ ಅವನ ದನಿಯೂ ಬದಲಾಯಿತು. "ವೈನಿ ಮಾಡಿದ ಯಂತ್ರ ಸುಳ್ಳ ಹೇಳತೈತೇನ?" ಎನ್ನುತ್ತಿದ್ದ. ಗಂಗಾಂಬಿಕಾ ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಇದನ್ನು ಕೇಳುತ್ತಿದ್ದಳು. ಒಂದೆರಡು ಸಲ ಎದ್ದು ಬಾಗಿಲ ತನಕ ಬಂದದ್ದೂ ಉಂಟು. ನಾಳೆ ರಕ್ತ ಒಯ್ದು ನೋಡಿದರಾಯಿತು ಎಂದುಕೊಂಡು ಮತ್ತೆ ಕೂತದ್ದೂ ಉಂಟು. ದೆಹಲಿಯಲ್ಲಿ ಭಾಷಣವಿತ್ತು, ಹೊಸ ಪಟ್ಟಿಯ ಕೆಲಸವಿತ್ತು. ಆ ನಾಳೆ ಬರಲಿಲ್ಲ.

ಕಾರ್ಖಾನೆಯಲ್ಲಿ ಅದಕ್ಕಿಂತ ವಿಚಿತ್ರವಾದದ್ದು ನಡೆಯಿತು. ಗೇಟಿನ ಯಂತ್ರದಲ್ಲಿ ಸದಾ ಅತಿ ಕಡಿಮೆ ಅಂಕಿ ಬರುತ್ತಿದ್ದವಳೆಂದು ದಾಕ್ಷಾಯಣಿಗೆ 'ಸದಾ ಚೈತನ್ಯದ ಕೆಲಸಗಾರ್ತಿ' ಎಂಬ ಪದಕ ಕೊಟ್ಟರು. ಪದಕ ಕೊಡುವಾಗ ಅವಳು ವೇದಿಕೆಯ ಮೆಟ್ಟಿಲು ಹತ್ತಲಾರದೆ ಕೆಳಗೇ ನಿಂತಳು. ವಿನಯವೆಂದುಕೊಂಡು ಮ್ಯಾನೇಜರನೇ ಇಳಿದು ಬಂದು ಕೊರಳಿಗೆ ಹಾಕಿದ. ಮರುದಿನದಿಂದ ಅವಳ ಪಾಲಿಗೆ ಕಾಲರುಗಳು ಹೆಚ್ಚಾದವು.

ಅವಳು ಬಿದ್ದದ್ದು ಹೊಲಿಗೆ ಯಂತ್ರದ ಮೇಲೆ. ಮೂಗಿನಿಂದ ರಕ್ತ ಸುರಿದು ನಿಲ್ಲಲಿಲ್ಲ. ಬಿಳಿ ಕಾಲರುಗಳ ರಾಶಿಯೇ ಕೆಂಪಾಯಿತು ಎಂದು ಆಸ್ಪತ್ರೆಗೆ ತಂದವರು ಹೇಳಿದರು. ಅವಳ ತೋಳಿನ ಮೇಲೆ, ತೊಡೆಯ ಮೇಲೆ ನೀಲಿ ಕಲೆಗಳಿದ್ದವು. ಈರಣ್ಣ ಅವನ್ನು ಆಗಲೇ ಮೊದಲು ನೋಡಿದ್ದು.

ಆಸ್ಪತ್ರೆಯ ರಕ್ತರೋಗ ತಜ್ಞೆ ಡಾ. ರೆಹಾನಾ ಬಳಿಗಾರ ಗಂಗಾಂಬಿಕಾಳ ಹಳೆಯ ಸಹಪಾಠಿ. ದಾಕ್ಷಾಯಣಿಯ ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆಯನ್ನು ತೆಗೆದು ಪರೀಕ್ಷಿಸಿದ ಮೇಲೆ ಗಂಗಾಂಬಿಕಾಳನ್ನು ತನ್ನ ಕೋಣೆಗೆ ಕರೆದು ಕೂರಿಸಿದಳು.

"ರಕ್ತ ಹುಟ್ಟೋದು ಎಲುಬಿನೊಳಗಿನ ಮಜ್ಜೆಯಲ್ಲಿ, ನಿನಗ ಗೊತ್ತದ," ಎಂದಳು ರೆಹಾನಾ. "ಈಕೀ ಮಜ್ಜೆಯೊಳಗ ಒಂದು ಮೂಲಕೋಶ ಕೆಟ್ಟು, ಅದರ ಸಂತಾನ ಎಲ್ಲಾ ಕಡೆ ಹಬ್ಬೇದ. ಒಳ್ಳೆ ರಕ್ತಕಣ ಹುಟ್ಟಲಿಕ್ಕೆ ಜಾಗಾನೇ ಇಲ್ಲ. ವರ್ಷಗಟ್ಟಲೆ ನಡದಿರಬೇಕು. ಇನ್ನೂ ಸ್ವಲ್ಪ ಬಿಟ್ಟಿದ್ರ ರಕ್ತದ ಕ್ಯಾನ್ಸರ್ ಆಗಿಬಿಡತಿತ್ತು."

ಗಂಗಾಂಬಿಕಾ ಮೇಜಿನ ಮೇಲಿದ್ದ ವರದಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನನಗ ತಿಳೀಲಾರದ್ದು ಒಂದದ," ರೆಹಾನಾ ಮುಂದುವರಿಸಿದಳು. "ಈ ರೋಗದಾಗ ಮಜ್ಜೆಯ ಜೀವಕೋಶಗಳು ಸೈಟೊಕೈನ್‌ಗಳನ್ನ ಬೇಕಾಬಿಟ್ಟಿ ಸುರಸ್ತಾವ. ನಿನ್ನ ಯಂತ್ರದಾಗ ಈಕಿಗೆ ಉರಿ ಕೆಂಪು ಬರಬೇಕಿತ್ತು. ಮನ್ಯಾಗ ಎಂದೂ ನೋಡಲೇ ಇಲ್ಲೇನು?"

"ನೋಡಿದ್ವಿ," ಎಂದಳು ಗಂಗಾಂಬಿಕಾ. "ಹಸಿರು ಬಂತು."

ಉಳಿದ ಮಜ್ಜೆಯ ಮಾದರಿಯಲ್ಲಿ ಸ್ವಲ್ಪವನ್ನು, ದಾಕ್ಷಾಯಣಿಯ ಒಪ್ಪಿಗೆ ಪಡೆದು, ಗಂಗಾಂಬಿಕಾ ತನ್ನ ಪ್ರಯೋಗಾಲಯಕ್ಕೆ ಒಯ್ದಳು. ಒಪ್ಪಿಗೆ ಕೇಳಲು ಅವಳು ಹೋಗಲಿಲ್ಲ, ರೆಹಾನಾಳನ್ನೇ ಕಳಿಸಿದಳು. ದಾಕ್ಷಾಯಣಿಯ ಮುಖ ನೋಡುವ ಧೈರ್ಯ ಆಗಲಿಲ್ಲ.

ಮಜ್ಜೆಯ ಕೋಶಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ, ಅವು ಸುರಿಸಿದ ದ್ರವವನ್ನು ಸೋಸಿ ತೆಗೆದಳು. ಅದರ ಒಂದು ಹನಿಯನ್ನು ತನ್ನ ಪಟ್ಟಿಗೆ ಸವರಿದಳು. ಹಸಿರು. ಇನ್ನೊಂದು ಹನಿ. ಹಸಿರು.

ಪಕ್ಕದ ಮೇಜಿನ ಮೇಲೆ, ಸಣ್ಣ ಗಾಜಿನ ತಟ್ಟೆಯೊಂದರಲ್ಲಿ, ಪ್ರಯೋಗಕ್ಕೆಂದು ಬೆಳೆಸಿದ ನರಕೋಶಗಳಿದ್ದವು. ತಟ್ಟೆಯ ತಳದಲ್ಲಿ ಕೂದಲಿಗಿಂತ ತೆಳುವಾದ ತಂತಿಗಳು. ನರಕೋಶ ಮಿಡಿದಾಗಲೆಲ್ಲ ಧ್ವನಿವರ್ಧಕದಲ್ಲಿ ಚಟಪಟ ಸದ್ದು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಅವು ದಿನವಿಡೀ ಸಿಡಿಯುತ್ತಿದ್ದವು. ದಾಕ್ಷಾಯಣಿಯ ಮಜ್ಜೆಯ ದ್ರವವನ್ನು ಗಂಗಾಂಬಿಕಾ ಅದಕ್ಕೆ ಬೆರೆಸಿದಳು.

ಸದ್ದು ವಿರಳವಾಯಿತು. ಅಲ್ಲೊಂದು, ಇಲ್ಲೊಂದು. ಕೊನೆಗೆ ನಿಂತೇ ಹೋಯಿತು. ಕೋಶಗಳು ಸತ್ತಿರಲಿಲ್ಲ, ಹೊಸ ದ್ರವದಿಂದ ತೊಳೆದಾಗ ಮೆಲ್ಲಗೆ ಮತ್ತೆ ಸಿಡಿಯತೊಡಗಿದವು. ಅವಕ್ಕೆ ಏಳಲಾಗಿರಲಿಲ್ಲ, ಅಷ್ಟೆ. ತಟ್ಟೆಯಲ್ಲಿ ಎದೆ ನಡುಗಿಸುವಂಥ ದಣಿವು; ಪಕ್ಕದಲ್ಲೇ ಪೆಟ್ಟಿಗೆಯ ದೀಪ ಹಸಿರು.

ಆಮೇಲಿನ ಕೆಲಸ ಸುಲಭವಿತ್ತು. ಆ ಕೆಟ್ಟ ಮಜ್ಜೆ ಸುದ್ದಿಗಾರನನ್ನು ಅರ್ಧಂಬರ್ಧ ತಯಾರಿಸುತ್ತಿತ್ತು. ಆ ಪ್ರೋಟೀನಿಗೆ ತಲೆಯಿತ್ತು, ಬಾಲವಿರಲಿಲ್ಲ. ಮಿದುಳಿನ ಬೀಗಕ್ಕೆ ಹೊಂದುವುದು ತಲೆ. ಗಂಗಾಂಬಿಕಾಳ ಪಟ್ಟಿ ಹಿಡಿಯುತ್ತಿದ್ದುದು ಬಾಲವನ್ನು. ಇನ್ನೂ ಒಂದು ಇತ್ತು. ಬಾಲವಿಲ್ಲದವರು ರಕ್ತದಲ್ಲಿ ತುಂಬಿ ತುಳುಕುವಾಗ ದೇಹದ ಉಳಿದ ಕೋಶಗಳು, 'ಸುದ್ದಿ ಮುಟ್ಟಿದೆ, ಇನ್ನು ಸಾಕು' ಎಂದು ತಮ್ಮ ಸುದ್ದಿಗಾರರನ್ನು ಕಳಿಸುವುದನ್ನೇ ನಿಲ್ಲಿಸುತ್ತಿದ್ದವು. ಅದಕ್ಕೇ ಸೊನ್ನೆ. ಅಂದರೆ ಎಲ್ಲರಿಗಿಂತ ಹೆಚ್ಚು ದಣಿದವರಿಗೇ ಎಲ್ಲರಿಗಿಂತ ಹಸಿರಾದ ದೀಪ.

ಪೆಟ್ಟಿಗೆ ಮಾರುತ್ತಿದ್ದ, ಅವಳು ಕೆಲಸಕ್ಕಿದ್ದ ಕಂಪನಿಯ ನಿರ್ದೇಶಕ ದೇಸಾಯಿ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಕೆಟ್ಟ ಮನುಷ್ಯನೇನಲ್ಲ, ಕೂಡಲೇ ದಾಕ್ಷಾಯಣಿಯ ಆರೋಗ್ಯ ವಿಚಾರಿಸಿದರು.

"ಬಾಲ ಇಲ್ಲದ್ದನ್ನೂ ಹಿಡಿಯೋ ನಾಲ್ಕನೇ ಗೆರೆ ಸೇರಿಸಿ ಹೊಸ ಪಟ್ಟಿ ತರೋಣ ಮೇಡಂ. ಹೊಸಾದು ಬಂತು ಅಂತ ಹೇಳಿದ್ರ ಸಾಕು. ಹಳೇದು ತಪ್ಪಿತ್ತು ಅಂತ ಡಂಗುರ ಯಾಕ ಹೊಡೀಬೇಕು? ಇಂಥಾ ಕಾಯಿಲೆ ಅಪರೂಪ. ಅದಕ್ಕಾಗಿ ನಂಬಿಕೀನ ಕೆಡಿಸಿಕೊಂಡ್ರ, ಕೆಂಪು ಬಂದವರಿಗೂ ನಾಳೆ ರಜಾ ಸಿಗೂದಿಲ್ಲ."

ಅವರ ಮಾತಿನಲ್ಲಿ ಹುರುಳಿತ್ತು. ಗೋಡೆಯ ಮೇಲಿದ್ದ ಮೂಟೆ ಹೊರುವ ಮುದುಕನನ್ನು ಗಂಗಾಂಬಿಕಾ ನೆನೆದಳು.

"ಹೊಸ ಪಟ್ಟಿ ಬರೂತನಾ ಗೇಟಿನ್ಯಾಗ ಹಸರ ಬಂದವರು?" ಎಂದು ಕೇಳಿದಳು.

ದೇಸಾಯಿ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. "ನಿಮಗ ಮನ್ಯಾಗ ಹಿಂಗಾಗೇದ ಅಂತ ಮನಸ್ಸಿಗೆ ಹತ್ತೇದ. ತಪ್ಪು ಯಂತ್ರದ್ದು ಮೇಡಂ. ನಿಮ್ಮದೇನದ?"

ಈ ಮಾತನ್ನು ಆ ದಿನಗಳಲ್ಲಿ ಎಲ್ಲರೂ ಹೇಳಿದರು. ರೆಹಾನಾ ಹೇಳಿದಳು, ವಿಜಯಪುರದಿಂದ ಓಡಿಬಂದ ಗಂಡ ಹೇಳಿದ. ಆಸ್ಪತ್ರೆಯ ಮೊಗಸಾಲೆಯಲ್ಲಿ ತಲೆಗೆ ಕೈಹೊತ್ತು ಕೂತಿದ್ದ ಈರಣ್ಣ ಕೂಡ, "ಯಂತ್ರ ಕೈಕೊಟ್ರ ನೀವೇನ ಮಾಡ್ತೀರಿ ವೈನಿ. ನಾನು, ಆಕೀ ಗಂಡ... ನನಗ ಕಣ್ಣಿದ್ದುವಲ್ಲ" ಎಂದು ಅತ್ತ. ಪ್ರತಿ ಸಲವೂ ಗಂಗಾಂಬಿಕಾ ತಲೆ ತಗ್ಗಿಸಿ ಸುಮ್ಮನಿದ್ದಳು. ಜನ ಅದನ್ನು ದುಃಖವೆಂದು ತಿಳಿದರು. ಅವಳಿಗೆ ಮಾತ್ರ ಪಡಸಾಲೆಯ ಆ ಸೊನ್ನೆ ಕಾಣುತ್ತಿತ್ತು. ಯಂತ್ರಕ್ಕೆ ಸಂಶಯ ಬಂದಿರಲಿಲ್ಲ. ಅವಳಿಗೆ ಬಂದಿತ್ತು.

ಅವಳು ಆರೋಗ್ಯ ಇಲಾಖೆಗೂ ಪತ್ರಿಕೆಗಳಿಗೂ ಬರೆದಳು: ಹಸಿರು ದೀಪವನ್ನು ಯಾರೂ ಯಾರ ಮೇಲೂ ಪುರಾವೆಯಾಗಿ ಬಳಸಬಾರದು, ಗೇಟುಗಳಿಂದ ಪೆಟ್ಟಿಗೆ ತೆಗೆಯಬೇಕು. ಕಂಪನಿ ಅವಳನ್ನು ಕೆಲಸದಿಂದ ದೂರವಿಟ್ಟಿತು. ಪತ್ರಿಕೆಯೊಂದು 'ತನ್ನ ತಪ್ಪನ್ನು ತಾನೇ ಒಪ್ಪಿದ ವಿಜ್ಞಾನಿ' ಎಂದು ಅವಳನ್ನು ಹೊಗಳಿ ಬರೆಯಿತು. ಅದನ್ನು ಓದಿ ಅವಳಿಗೆ ಮೈಮೇಲೆ ಹುಳ ಹರಿದಂತಾಯಿತು. ಅವಳ ಬರಹದಲ್ಲಿ ಇದ್ದದ್ದು ಯಂತ್ರದ ತಪ್ಪು ಮಾತ್ರ.

ದಾಕ್ಷಾಯಣಿಯ ಕಾರ್ಖಾನೆಗೂ ಹೋದಳು. ಊಟದ ಬಿಡುವಿನಲ್ಲಿ ಹೆಣ್ಣುಮಕ್ಕಳು ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅವಳು ನಿಂತು ಎಲ್ಲವನ್ನೂ ವಿವರಿಸಿದಳು: ಮಜ್ಜೆ, ಸುದ್ದಿಗಾರ, ಬಾಲವಿಲ್ಲದ ಪ್ರೋಟೀನು. ಕಾಶವ್ವ ಎಂಬ ನಡುವಯಸ್ಸಿನವಳು ಎದ್ದು ನಿಂತಳು.

"ನನ್ನ ತಂಗೀನ ಹಸರ ಬಂತು, ಸೋಗ ಐತಿ ಅಂತ ಕೆಲಸಾ ಬಿಡಿಸಿದರ್ರಿ ಬಾಯಾರ. ಊರಿಗೆ ಹೋದ ಮ್ಯಾಲೆ ತೀರಕೊಂಡಳು. ಅದೂ ಇದ ಇರಬೇಕೇನ್ರಿ?"

ಗಂಗಾಂಬಿಕಾಳಿಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. "ಹೇಳಾಕ ಬರೂದಿಲ್ಲವಾ," ಎಂದಳು. ಕಾಶವ್ವ ತಲೆಯಾಡಿಸಿ ಕೂತು ಡಬ್ಬಿ ಮುಚ್ಚಿದಳು.

ಬೈಗುಳ ಬರುತ್ತವೆ ಎಂದುಕೊಂಡೇ ಗಂಗಾಂಬಿಕಾ ಬಂದಿದ್ದಳು. ಅದರ ಬದಲು ಒಬ್ಬಳು ಎಡಗೈಯ ಬೆರಳನ್ನು ಮುಂದೆ ಚಾಚಿದಳು. "ಹೊಸಾದು ಐತೇನ್ರಿ ನಿಮ್ಮ ಕಡೆ? ನಂದೊಂದ ನೋಡಿಬಿಡ್ರಿ." ಅವಳ ಹಿಂದೆ ಇನ್ನೊಬ್ಬಳು ಬಂದಳು. ಸೂಜಿಯ ಕಲೆಗಳಿದ್ದ ಬೆರಳುಗಳು ಒಂದರ ಪಕ್ಕ ಒಂದು ಚಾಚಿಕೊಂಡವು. "ಹೊಸಾದಿಲ್ಲ," ಎಂದಳು ಗಂಗಾಂಬಿಕಾ. "ಇನ್ನ ಯಂತ್ರ ಬ್ಯಾಡ. ನಿಮಗ ದಣಿವಾಗೇತಿ ಅಂದ್ರ ಆಗೇತಿ, ಅಷ್ಟ."

"ಹಂಗಂದ್ರ ಯಾರ ನಂಬತಾರ್ರಿ?" ಎಂದಳು ಮೊದಲು ಬಂದವಳು, ಬೆರಳನ್ನು ಹಿಂದಕ್ಕೆ ತೆಗೆಯದೆಯೇ.

ಹಳೆಯ ಫಲಿತಾಂಶಗಳಲ್ಲಿ ಸೊನ್ನೆಗೆ ಹತ್ತಿರ ಬಂದವರನ್ನೆಲ್ಲ ಹುಡುಕಿಸುವ ಕೆಲಸವನ್ನು ರೆಹಾನಾ ಕೈಗೆತ್ತಿಕೊಂಡಳು. ಕೆಲವರು ಸಿಕ್ಕರು. ಕೆಲವರು ತೀರ ತಡವಾಗಿ ಸಿಕ್ಕರು. ಇನ್ನು ಕೆಲವರು ನಿಜಕ್ಕೂ ಗಟ್ಟಿಮುಟ್ಟಾಗಿದ್ದು, ಆಸ್ಪತ್ರೆಯಿಂದ ಕರೆ ಬಂದದ್ದಕ್ಕೆ ಸಿಟ್ಟಾದರು.

ದಾಕ್ಷಾಯಣಿಗೆ ಅವಳ ಅಣ್ಣನ ಮಜ್ಜೆ ಹೊಂದಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವಳ ಕೆಟ್ಟ ಮಜ್ಜೆಯನ್ನು ಔಷಧದಿಂದ ಸುಟ್ಟು ತೆಗೆದು ಅಣ್ಣನದನ್ನು ಹಾಕಿದರು. ಬಾಯೆಲ್ಲ ಹುಣ್ಣಾಗಿ, ಕೂದಲುದುರಿ, ಇದ್ದಾಳೋ ಇಲ್ಲವೋ ಎಂಬಂಥ ದಿನಗಳು ಕಳೆದವು. ಕಡೆಗೆ ಹೊಸ ಮಜ್ಜೆ ನಾಟಿತು. ಬಿಡುಗಡೆಯಾದ ದಿನ ಈರಣ್ಣ ಕಾರು ತಂದಿದ್ದ. ಅವಳು ಹೊಸಯಲ್ಲಾಪುರಕ್ಕೆ ಬರಲಿಲ್ಲ. "ನವಲಗುಂದಕ್ಕ ಹೋಗ್ತೀನಿ," ಎಂದಳಂತೆ. ಅದು ಅವಳ ತವರು. ಈರಣ್ಣ ಕಾರನ್ನು ಆ ಕಡೆಗೇ ತಿರುಗಿಸಿದ. ವಾರಕ್ಕೊಮ್ಮೆ ಹೋಗಿ ಹೊರಗಿನಿಂದಲೇ ಮಾತಾಡಿಸಿ ಬರುತ್ತಿದ್ದ.

ಚಳಿ ಕಳೆದ ಮೇಲೆ ಒಂದು ದಿನ ಗಂಗಾಂಬಿಕಾ ತಾನೂ ಹೋಗಬೇಕೆಂದು ಹೊರಟಳು. ಪಾರವ್ವ ಸೀರೆ ಬದಲಿಸಿಕೊಂಡು, ಬಟ್ಟೆಯಲ್ಲಿ ರೊಟ್ಟಿಯ ಗಂಟು ಕಟ್ಟಿಕೊಂಡು, ಮೊದಲೇ ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ," ಎಂದಳು. ಇಬ್ಬರೂ ಬಸ್ಸು ಹತ್ತಿದರು.

ನವಲಗುಂದದಲ್ಲಿ ಅಣ್ಣನ ಹೆಂಡತಿ ಅವರನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. ಸೋಂಕಿನ ಭಯಕ್ಕೆ ಒಬ್ಬೊಬ್ಬರನ್ನೇ, ಬಾಗಿಲ ತನಕ ಮಾತ್ರ ಬಿಡುವುದು. ಪಾರವ್ವನಿಗೆ ನೆಗಡಿಯಿತ್ತು, ಅವಳು ಕಟ್ಟೆಯಲ್ಲೇ ಉಳಿದಳು. ಗಂಗಾಂಬಿಕಾ ಕೈ ತೊಳೆದು, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಒಳಕೋಣೆಯ ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಳು.

ದಾಕ್ಷಾಯಣಿ ಮಂಚದ ಮೇಲೆ ದಿಂಬಿಗೊರಗಿದ್ದಳು. ತಲೆಯಲ್ಲಿ ಹೊಸ ಕೂದಲು ಮಗುವಿನದರ ಹಾಗೆ ಬಂದಿತ್ತು. ತುಟಿಗೆ ಬಣ್ಣ ಮರಳಿತ್ತು.

"ಆರಾಮೇನ್ರಿ ಅಕ್ಕಾರ?" ಎಂದು ಅವಳೇ ಮೊದಲು ಕೇಳಿದಳು.

"ಹೂಂ. ಅತ್ತಿಯವರೂ ಬಂದಾರ. ಹೊರಗ ಕುಂತಾರ."

ದಾಕ್ಷಾಯಣಿ ಹೊದಿಕೆಯನ್ನು ಎದೆಯ ತನಕ ಎಳೆದುಕೊಂಡಳು. "ಪೇಪರ್ನ್ಯಾಗ ನಿಮ್ಮ ಬಗ್ಗೆ ಬಂದಿತ್ತು. ಅಣ್ಣ ಓದಿ ಹೇಳಿದ. ಯಂತ್ರ ತಪ್ಪಿದ್ದಕ್ಕ ನಿಮ್ಮ ನೌಕರಿ ಹೋತಂತ. ನನಗ ಕೆಟ್ಟನಿಸ್ತರಿ" ಎಂದಳು.

ಕರುಣೆಯಿಂದ ಹೇಳಿದ ಮಾತೇ. ಗಂಗಾಂಬಿಕಾಳಿಗೆ ಕೂತಲ್ಲೇ ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ಇಲ್ಲಿಗೆ ಬಂದದ್ದು ಕ್ಷಮೆ ಕೇಳಲು. ಯಂತ್ರದ ಹೆಸರಿನಲ್ಲಿ ಕೇಳಿದರೆ ಇವಳು ಈಗಲೇ, ಈ ಗಳಿಗೆಯಲ್ಲೇ, ಕೊಟ್ಟುಬಿಡುತ್ತಾಳೆ. ತೆಗೆದುಕೊಂಡು ಎದ್ದು ಹೋಗಬಹುದು.

"ದಾಕ್ಷಿ," ಎಂದಳು. "ತೊಟ್ಟಿಲ ಕಾರ್ಯದಾಗ ನಿನ್ನ ಬೆರಳ ಚುಚ್ಚಿದಾಗ ಸೊನ್ನಿ ಬಂತು. ಜೀವಂತ ಮನಿಷ್ಯಾಗ ಸೊನ್ನಿ ಬರೂದಿಲ್ಲ. ಅದು ನನಗ ಗೊತ್ತಿತ್ತು. ಏನೋ ತಪ್ಪೈತಿ ಅಂತ ಅವಾಗ್ಲೇ ಅನಿಸಿತ್ತು. ಮಂದಿ ನನ್ನ ನೋಡಾಕತ್ತಿದ್ರು. ಅವರ ಮುಂದ ನನ್ನ ಯಂತ್ರಾನ ನಾನ ಸಂಶಯಾ ಪಡಾಕ ಆಗಲಿಲ್ಲ. ಆಮ್ಯಾಲೂ ನೋಡ್ತೀನಿ, ನೋಡ್ತೀನಿ ಅಂತ ಬಿಟ್ಟೆ. ಯಂತ್ರ ಅಲ್ಲ. ನಾನು."

ದಾಕ್ಷಾಯಣಿ ಅವಳನ್ನೇ ನೋಡುತ್ತಿದ್ದಳು. ಮುಖದಲ್ಲಿದ್ದ ಕರುಣೆ ಮೆಲ್ಲಗೆ ಹೋಯಿತು. ಅದರ ಜಾಗಕ್ಕೆ ಸಿಟ್ಟೂ ಬರಲಿಲ್ಲ.

"ತಿಳೀಲಾರದ ಮಾಡೀರಿ ಅನಕೊಂಡಿದ್ದೆ," ಎಂದಳು.

ದಿಂಬನ್ನು ಸರಿಮಾಡಿಕೊಂಡು ಇನ್ನಷ್ಟು ನೆಟ್ಟಗೆ ಕೂತಳು.

"ನಿಮಗ ಒಂದ ಮಾತ ಹೇಳತೀನಿ ಅಕ್ಕಾರ. ಯಾರಿಗೂ ಹೇಳಿಲ್ಲ, ನಮ್ಮ ಮನಿಯವರಿಗೂ ಹೇಳಿಲ್ಲ. ಅತ್ತಿ ಬೈದದ್ದು ಹೋತು, ಮಂದಿ ನಕ್ಕದ್ದು ಹೋತು. ಹಸರ ದೀಪಾ ನೋಡಿ ನೋಡಿ ಕಡೀಕ ನನಗೂ ಖರೇ ಅನಸಾಕತ್ತಿತ್ತು, ನಾನ ಸೋಗ ಹಾಕಾಕತ್ತೀನಿ ಅಂತ. ಮುಂಜಾನೆ ಏಳಾಕ ಬರದಿದ್ರ ನನ್ನ ಕಾಲಿಗೆ ನಾನ ಹೊಡಕೋತಿದ್ದೆ. ಸುಳ್ಳಿ, ಏಳ, ಅಂತ. ಎಲುಬಿನಾಗ ಅಷ್ಟ ನೋವಿದ್ರೂ." ಅವಳ ದನಿ ಸಣ್ಣದಾಯಿತು. "ಹೊಸಾ ಮಜ್ಜಿ ಹಾಕ್ಯಾರ. ಆ ಮಾತು ಮಾತ್ರ ಇನ್ನೂ ಒಳಗ ಕೇಳತೈತಿ. ಈಗೂ ಮಲಗಿದ್ರ ಕೇಳತೈತಿ."

ಕ್ಷಮಿಸು ಎಂಬ ಮಾತು ಗಂಗಾಂಬಿಕಾಳ ತುಟಿಯ ತನಕ ಬಂದು, ಕೇಳುವುದೇ ಇನ್ನೊಂದು ಹೊರೆ ಹೊರಿಸಿದಂತೆ ಎನಿಸಿ, ಅಲ್ಲೇ ನಿಂತಿತು.

"ನನಗ ದಣಿವಾಗೇತ್ರಿ," ಎಂದಳು ದಾಕ್ಷಾಯಣಿ, ಕಣ್ಣು ಮುಚ್ಚಿ. "ನೀವು ಹೋಗ್ರಿ."

ಜ್ವರ ಇದೆಯೇ, ರಕ್ತಕಣಗಳ ಲೆಕ್ಕ ಎಷ್ಟು ಬಂದಿದೆ, ಮಾತ್ರೆ ತೆಗೆದುಕೊಂಡಳೇ ಎಂದು ಹತ್ತು ಪ್ರಶ್ನೆಗಳು ಗಂಗಾಂಬಿಕಾಳ ಬಾಯಿಗೆ ಬಂದವು. ಒಂದನ್ನೂ ಕೇಳಲಿಲ್ಲ. "ಮಲಕೋ," ಎಂದು ಎದ್ದು, ಬಾಗಿಲನ್ನು ಮುಂದಕ್ಕೆ ಮಾಡಿ ಹೊರಗೆ ಬಂದಳು.

ಕಟ್ಟೆಯ ಮೇಲೆ ಪಾರವ್ವ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚಟ್ಟನೆ ಎದ್ದಳು. "ಏನಂದಳು? ನಾ ಬಂದೀನಂತ ಹೇಳಿದಿಲ್ಲೋ? ಬಾಗಲದಾಗ ನಿಂತ ಒಂದೀಟ ಮಾರಿ ನೋಡಿ ಬರ್ತೀನಿ."

"ಹೇಳಿದೆ ಅತ್ತಿ. ಆಕಿಗೆ ದಣಿವಾಗೇತಂತ."

ಪಾರವ್ವ ಮುಚ್ಚಿದ ಬಾಗಿಲನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

"ಹಂಗಾರ ಮಲಗಲಿ," ಎಂದಳು ಕಡೆಗೆ.

ರೊಟ್ಟಿಯ ಗಂಟನ್ನು ಅಣ್ಣನ ಹೆಂಡತಿಯ ಕೈಗೆ ಕೊಟ್ಟಳು. ಕಟ್ಟೆಯಿಂದ ಇಳಿದು, ಅಂಗಳದ ಹಾಸುಗಲ್ಲಿನ ಮೇಲೆ ಸದ್ದಾದೀತೆಂದು, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಬೀದಿಯ ತನಕ ನಡೆದಳು. ಗಂಗಾಂಬಿಕಾ ತನ್ನವನ್ನೂ ಕೈಗೆತ್ತಿಕೊಂಡು ಅವಳ ಹಿಂದೆ ನಡೆದಳು.